ಓಟಗಾರ್ತಿಯ ಮೂತ್ರಕ್ಕಾಗಿ ಕಾದ ದಿನ

ನನ್ನ ಇನ್ನೊಂದು ಕೆಲಸ ಏನೆಂದು ನೆಂಟರು ಕೇಳಿದರೆ ಸ್ಯಾಂಪಲ್ ಕಲೆಕ್ಷನ್ ಎಂದು ಹೇಳಿ ಮಾತು ಬದಲಿಸುತ್ತೇನೆ. ಬಿಡಿಸಿ ಹೇಳುವುದಾದರೆ, ಕ್ರೀಡಾಪಟುಗಳ ಮನೆಗೆ ಮುನ್ಸೂಚನೆ ಕೊಡದೆ ಹೋಗಿ, ಅವರು ಮೂತ್ರ ಮಾಡುವುದನ್ನು ಎದುರಿಗೇ ನಿಂತು ನೋಡಿ, ಅದನ್ನು ಬಾಟಲಿಗೆ ತುಂಬಿಸಿ, ಮುಚ್ಚಿ, ಪ್ರಯೋಗಾಲಯಕ್ಕೆ ಕಳಿಸುವುದು. ಅದರಲ್ಲಿ ಉದ್ದೀಪನ ಮದ್ದು ಇದೆಯೋ ಇಲ್ಲವೋ ಎಂದು ಹೇಳುವವರು ಅಲ್ಲಿಯವರು. ಹೆಣ್ಣುಮಕ್ಕಳ ಮಾದರಿಯನ್ನು ಹೆಂಗಸೇ ತೆಗೆಯಬೇಕು. ಹಾಗಾಗಿ ದೊಡ್ಡಬಳ್ಳಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿರುವ ನನಗೂ ಆಗಾಗ ಕರೆ ಬರುತ್ತದೆ.

ಅವತ್ತು ಸಮೇತನಹಳ್ಳಿಯ ಓಟಗಾರ್ತಿಯ ಮನೆಗೆ ಹೋಗಬೇಕಿದ್ದವಳು ನಾನಲ್ಲ. ಹೋಗಬೇಕಿದ್ದ ಅಧಿಕಾರಿಗೆ ಜ್ವರ ಬಂದು, ಆ ಕೆಲಸ ನನ್ನ ತಲೆಗೆ ಬಿತ್ತು. ರಾತ್ರಿ ಪಾಳಿಯನ್ನು ಅರ್ಧಕ್ಕೆ ಸಹೋದ್ಯೋಗಿಗೆ ಒಪ್ಪಿಸಿ, ಮುಖ ತೊಳೆದು, ಕಾರು ಹತ್ತಿದೆ. ಜೊತೆಗೆ ನನ್ನ ಸಹಾಯಕರು. ನಿವೃತ್ತ ಹೈಸ್ಕೂಲು ಮೇಷ್ಟ್ರು, ಮಾತು ಕಡಿಮೆ. ದೇವನಹಳ್ಳಿ ದಾಟುವವರೆಗೆ ಎಚ್ಚರವಾಗಿದ್ದೆ. ಆಮೇಲೆ ಕಣ್ಣು ತೆರೆದಾಗ ಹೊಸಕೋಟೆ ಹಿಂದೆ ಉಳಿದಿತ್ತು, ಹೊಲಗಳ ಮೇಲೆ ಮಂಜಿತ್ತು.

ಮನೆಯ ಜಗಲಿಯಲ್ಲಿ ಓಟಗಾರ್ತಿಯ ತಾಯಿ ಕೊತ್ತಂಬರಿ ಸೊಪ್ಪನ್ನು ಕಂತೆ ಕಟ್ಟುತ್ತಿದ್ದರು. ಮಗಳನ್ನು ನೋಡಬೇಕು ಎಂದೆ. ಅವರು ಕೈ ನಿಲ್ಲಿಸದೆ, "ಅವ್ಳಿಲ್ಲ ಕಣಮ್ಮ. ಹೊಸಕೋಟೆಗೆ ಹೋಗವ್ಳೆ" ಎಂದರು.

ದೊಡ್ಡ ಮಟ್ಟದ ಓಟಗಾರರು ದಿನದ ಒಂದು ಗಂಟೆ ತಾವು ಎಲ್ಲಿರುತ್ತೇವೆ ಎಂದು ಮೊದಲೇ ತಿಳಿಸಿರಬೇಕು. ಇವಳು ತಿಳಿಸಿದ್ದದ್ದು ಬೆಳಗಿನ ಇದೇ ಗಂಟೆ, ಇದೇ ಮನೆ. ಅಷ್ಟರೊಳಗೆ ಸಿಗದಿದ್ದರೆ ಗೈರು ಎಂದು ದಾಖಲಿಸಿ ಹೊರಡುವುದು. ಪದೇ ಪದೇ ಗೈರಾದರೆ ಅದೂ ತಪ್ಪೇ, ಶಿಕ್ಷೆ ಇದೆ. ಆದರೆ ಒಂದು ಸಲಕ್ಕೆ ಏನೂ ಆಗುವುದಿಲ್ಲ. ಕಾಂಪೌಂಡಿನ ಮೇಲೆ ತೊಳೆದು ಒಣಗಿಟ್ಟ ಶೂ ಇತ್ತು. ಓಟಗಾರರ ಬಳಿ ನಾಲ್ಕಾರು ಜೊತೆ ಇರುತ್ತವೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ನಾವು ಗೇಟಿನ ಬಳಿಯೇ ನಿಂತೆವು. ಆಗಾಗ ಬಾಗಿಲು ತಟ್ಟಿ ಮತ್ತೆ ಕೇಳಬೇಕೆಂಬ ನಿಯಮವಿದೆ, ತಟ್ಟಿದೆ, ಕೇಳಿದೆ. ತಾಯಿ ಮೂರನೆಯ ಸಲ ನನ್ನ ಮುಖ ನೋಡಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಎಂದು ಗೊತ್ತಾಗುತ್ತಿತ್ತು. ನಿಜ ಹೇಳಬೇಕೆಂದರೆ, ಅವಳು ಸಿಗದಿದ್ದರೆ ಮನೆಗೆ ಹೋಗಿ ಮಲಗಬಹುದು ಎಂದು ನನ್ನ ಮೈ ಲೆಕ್ಕ ಹಾಕುತ್ತಿತ್ತು.

ಗಂಟೆ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಅವಳು ಒಳಗಿನಿಂದ ಬಂದಳು. ಸಣಕಲು ಹುಡುಗಿ, ಕಪ್ಪು ಟ್ರ್ಯಾಕ್ ಪ್ಯಾಂಟು, ಅಣ್ಣನದೋ ಯಾರದೋ ದೊಡ್ಡ ಶರಟು. ತಾಯಿಯ ಹಿಂದೆ ನಿಂತು, "ಬಿಡಮ್ಮ, ನಾನು ಇದೀನಿ ಅಂತ ಅವ್ರಿಗೆ ಗೊತ್ತು" ಎಂದಳು. ನಮಗೇನೂ ಗೊತ್ತಿರಲಿಲ್ಲ.

ನಾನು ಗುರುತಿನ ಚೀಟಿ ತೋರಿಸಿ, ಹೇಳಬೇಕಾದ್ದನ್ನೆಲ್ಲ ಹೇಳಿ ಸಹಿ ತೆಗೆದುಕೊಂಡೆ. ಈ ಕ್ಷಣದಿಂದ ಮಾದರಿ ಮುಚ್ಚುವವರೆಗೆ ಅವಳು ನನ್ನ ಕಣ್ಣಿನಿಂದ ಮರೆಯಾಗುವಂತಿಲ್ಲ. ಸ್ನಾನ ಮಾಡುವಂತಿಲ್ಲ. ಕೊಡಲು ನಿರಾಕರಿಸಿದರೆ ಅದಕ್ಕೂ ಮದ್ದು ಸಿಕ್ಕಿದಷ್ಟೇ ಶಿಕ್ಷೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಇದೆಲ್ಲ ಅವಳಿಗೆ ಹೊಸದಲ್ಲ. ಹತ್ತು ಸಾವಿರ ಮೀಟರ್ ಓಟದಲ್ಲಿ ಹೆಸರು ಮಾಡಿದ್ದವಳು, ಪದಕ ಗೆದ್ದಾಗಲೆಲ್ಲ ಮಾದರಿ ಕೊಟ್ಟಿದ್ದವಳು. ಆದರೆ ಮನೆಗೆ ಯಾರೂ ಬಂದಿರಲಿಲ್ಲ.

ಮನೆಯ ಹಿಂದೆ ಶೀಟು ಹೊದಿಸಿದ ಬಚ್ಚಲುಮನೆ. ಅವಳು ಕೈ ತೊಳೆದು, ನಾನು ಮುಂದಿಟ್ಟ ಮುಚ್ಚಿದ ಲೋಟಗಳಲ್ಲಿ ಒಂದನ್ನು ತಾನೇ ಆರಿಸಿಕೊಂಡಳು. ತೋಳು ಮೊಣಕೈವರೆಗೆ ಮಡಚಬೇಕು, ಶರಟು ಎದೆಯವರೆಗೆ ಎತ್ತಬೇಕು, ಪ್ಯಾಂಟು ಮೊಣಕಾಲಿಗೆ ಇಳಿಸಬೇಕು. ಬೇರೆಯವರ ಮೂತ್ರವನ್ನು ಚೀಲದಲ್ಲಿ ಅಡಗಿಸಿ ತಂದವರಿದ್ದಾರಂತೆ, ಅದಕ್ಕೇ ಈ ನಿಯಮ. ಎಷ್ಟು ವರ್ಷ ಮಾಡಿದರೂ ಇಲ್ಲಿ ನನ್ನ ಕಣ್ಣನ್ನು ಎಲ್ಲಿಡಬೇಕೋ ಅಲ್ಲಿಡುವುದು ನನಗೆ ಕಷ್ಟವೇ. ನೋಡಲೇಬೇಕು, ನೋಡದೆ ನೋಡಿದೆ ಎಂದು ಬರೆಯುವಂತಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ತುಂಬ ಹೊತ್ತು ಕೂತಳು. ಬಂದದ್ದು ಲೋಟದ ಕಾಲು ಭಾಗ.

ಬೇಕಾದಷ್ಟು ಇರಲಿಲ್ಲ. ಅದನ್ನು ತಾತ್ಕಾಲಿಕವಾಗಿ ಮುಚ್ಚಿ, ಸಂಖ್ಯೆ ಹಚ್ಚಿ, ಅವಳ ಕಣ್ಣೆದುರೇ ಇಟ್ಟೆವು. ಉಳಿದದ್ದಕ್ಕೆ ಕಾಯಬೇಕು.

ಅಷ್ಟರಲ್ಲಿ ತಾಯಿಗೆ ಫೋನು ಬಂತು. ಅವರು ಅಂಗಳದ ಮೂಲೆಗೆ ಹೋಗಿ "ಹೂಂ ಸರ್, ಹೂಂ ಸರ್" ಎನ್ನುತ್ತಿದ್ದರು. ಬಂದವರೇ ದೊಡ್ಡ ಚೆಂಬಿನಲ್ಲಿ ನೀರು ತಂದಿಟ್ಟರು. "ಸರ್ ಹೇಳವ್ರೆ, ಚೆನ್ನಾಗಿ ನೀರು ಕುಡೀಬೇಕಂತೆ." ಸರ್ ಎಂದರೆ ಕೋಚ್. ಊರಾಚೆ ಬಯಲಿನಲ್ಲಿ ಹತ್ತಾರು ಮಕ್ಕಳನ್ನು ಓಡಿಸುವವರು. ಈ ಹುಡುಗಿಯನ್ನು ಶಾಲೆಯ ದಿನಗಳಿಂದ ಬೆಳೆಸಿದವರು ಎಂದು ತಾಯಿ ಹೇಳಿದರು.

ಅವಳು ಚೆಂಬು ಎತ್ತಿ ಕುಡಿದಳು. ಆಮೇಲೆ ಮಜ್ಜಿಗೆ. ಮತ್ತೆ ನೀರು. ಕುಡಿಯಬೇಡ ಎನ್ನುವ ಅಧಿಕಾರ ನನಗಿಲ್ಲ. ಹೆಚ್ಚು ಕುಡಿದರೆ ಮಾದರಿ ತೆಳುವಾಗಿ ಇನ್ನೂ ತಡವಾಗುತ್ತದೆ ಎಂದು ಹೇಳಬಹುದು ಅಷ್ಟೆ. ಹೇಳಿದೆ. ಅವಳು ನನ್ನನ್ನು ನೋಡುತ್ತಲೇ ಇನ್ನೊಂದು ಲೋಟ ಬಗ್ಗಿಸಿಕೊಂಡಳು.

ಎರಡನೆಯ ಸಲ ಪ್ರಮಾಣಕ್ಕೆ ಕೊರತೆಯಿರಲಿಲ್ಲ. ನೀರಿನಂತೆಯೇ ಇತ್ತು. ಅವಳೇ ಕಿಟ್ ಆರಿಸಿದಳು, ಬಾಟಲಿಗಳ ಮೇಲಿನ ಸಂಖ್ಯೆಯನ್ನು ಸಹಾಯಕರು ಗಟ್ಟಿಯಾಗಿ ಓದಿದರು, ಅವಳು ನೋಡಿ ಹೌದೆಂದಳು. ಮೊದಲು ಬಂದದ್ದನ್ನೂ ಸೇರಿಸಿ ಎರಡು ಬಾಟಲಿಗೆ ಹಂಚಿ, ಮುಚ್ಚಳ ಟಕಟಕ ಎನ್ನುವವರೆಗೆ ತಿರುಗಿಸಿದಳು. ಒಮ್ಮೆ ಮುಚ್ಚಿದ ಮೇಲೆ ಪ್ರಯೋಗಾಲಯದ ಯಂತ್ರ ಬಿಟ್ಟರೆ ಯಾರೂ ಅದನ್ನು ಗುರುತು ಸಿಗದಂತೆ ತೆರೆಯಲಾರರು. ಲೋಟದಲ್ಲಿ ಉಳಿದ ಹನಿಯನ್ನು ಸಾಂದ್ರತೆ ಅಳೆಯುವ ಯಂತ್ರದ ಮೇಲೆ ಬಿಟ್ಟೆ. ಸಾಲದು. ಇಷ್ಟು ತೆಳುವಾದ ಮಾದರಿಯಲ್ಲಿ ಇದ್ದದ್ದೂ ಕಾಣದೆ ಹೋಗಬಹುದು. ಸರಿಯಾದದ್ದು ಸಿಗುವವರೆಗೆ ನಾವು ಏಳುವಂತಿಲ್ಲ.

ಬಿಸಿಲೇರಿತು. ಸೊಪ್ಪಿನ ಕಂತೆಗಳನ್ನು ಒಯ್ಯಲು ಗೂಡ್ಸ್ ಆಟೋ ಬಂದು ಹೋಯಿತು. ತಾಯಿ ರೊಟ್ಟಿ ತಟ್ಟಿ ನಮ್ಮನ್ನೂ ಕರೆದರು. ಕ್ರೀಡಾಪಟುವಿನ ಮನೆಯಲ್ಲಿ ನಾವು ಏನನ್ನೂ ತಿನ್ನುವುದಿಲ್ಲ. ಬ್ಯಾಗಿನಲ್ಲಿದ್ದ ಬಿಸ್ಕತ್ತನ್ನು ಸಹಾಯಕರೂ ನಾನೂ ಹಂಚಿಕೊಂಡೆವು. ತಾಯಿಗೆ ಅದು ಅವಮಾನವೆನಿಸಿತು. ಹತ್ತಿರ ಬಂದು ಕೂತು, ತಗ್ಗಿದ ದನಿಯಲ್ಲಿ ಕೇಳಿದರು: "ನಿಜ ಹೇಳಮ್ಮ. ನನ್ ಮಗ್ಳಿಗೆ ಏನಾಗೈತೆ? ದೊಡ್ಡ ಕಾಯಿಲೆನಾ?"

ನರ್ಸ್ ಆಗಿ ಈ ಪ್ರಶ್ನೆಯನ್ನು ದಿನವೂ ಕೇಳಿಸಿಕೊಳ್ಳುತ್ತೇನೆ, ದಿನವೂ ಏನಾದರೊಂದು ಉತ್ತರ ಕೊಡುತ್ತೇನೆ.  ಕಾಯಿಲೆ ಅಲ್ಲ, ಓಟದವರಿಗೆಲ್ಲ ಮಾಡುವ ಪರೀಕ್ಷೆ ಎಂದೆ. ಅವರ ಮುಖ ಅರಳಿತು. ಮಗಳಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಆಗುವುದರಲ್ಲಿದೆ, ಅದಕ್ಕೇ ಇರಬೇಕು ಈ ಪರೀಕ್ಷೆ, ಅಲ್ಲವೇ ಎಂದರು. ಮಗಳು ಎದ್ದು ಒಳಗೆ ಹೋದಳು. ನಾನೂ ಎದ್ದು ಹಿಂದೆ ಹೋದೆ.

ಮೂರನೆಯ ಸಲ ಕೊಟ್ಟದ್ದೂ ತೆಳುವಾಗಿಯೇ ಬಂತು. ಹಾಗೆ ಬಂದದ್ದನ್ನೂ ಮುಚ್ಚಿ ಕಳಿಸಬೇಕು. ಮತ್ತೆ ಕಿಟ್, ಮತ್ತೆ ಸಂಖ್ಯೆ, ಮತ್ತೆ ಸಹಿ. ಈ ಹೊತ್ತಿಗೆ ನನ್ನ ಕಣ್ಣು ಉರಿಯುತ್ತಿತ್ತು, ಪಾದ ಊದಿತ್ತು. ಅವಳು ಓಡಾಡಿದರೆ ಓಡಾಡಬೇಕು, ಕೂತರೆ ಕೂರಬೇಕು. ಒಳಗಿನ ಕೋಣೆಯಲ್ಲಿ ಚಾಪೆ ಹಾಸಿ ಅವಳು ಗೋಡೆಗೊರಗಿದಳು, ನಾನು ಎದುರಿನ ಗೋಡೆಗೊರಗಿದೆ. ಮೊಳೆಗಳಿಗೆ ಪದಕಗಳು ನೇತುಬಿದ್ದಿದ್ದವು. ನಾನು ನೋಡುತ್ತಿರುವುದನ್ನು ಗಮನಿಸಿ ಅವಳು, ಬಾಗಿಲ ಹತ್ತಿರದವು ಹಳೆಯವು, ಕಿಟಕಿಯ ಕಡೆಯವು ಈ ವರ್ಷದವು ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಹಳೆಯವನ್ನು ಮಾತ್ರ ಅಮ್ಮ ಒರೆಸಿದರೆ ತನಗೆ ಬೇಜಾರಾಗುವುದಿಲ್ಲ ಎಂದಳು. ನನಗೆ ಆಗ ಅದು ಅರ್ಥವಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೋಚ್ ಬಂದರು. ನಡುವಯಸ್ಸು, ಬಿಳಿ ಟೋಪಿ, ಕೊರಳಲ್ಲಿ ಸೀಟಿ. ನನಗೆ ಕೈ ಮುಗಿದು, ಬೆಳಗಿನಿಂದ ತೊಂದರೆಯಾಯಿತಲ್ಲ ಎಂದು ಪೇಚಾಡಿದರು. ಅವಳನ್ನು ನೋಡಿ, ಮುಖ ಬಿಳಿಚಿಕೊಂಡಿದೆ, ಹೊಟ್ಟೆನೋವಿದೆ, ಹೊಸಕೋಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಅವಳು ಹೊಟ್ಟೆನೋವು ಎಂದು ಹೇಳಿರಲಿಲ್ಲ. ಧಾರಾಳವಾಗಿ ಹೋಗೋಣ, ನಾನು ಪಕ್ಕದಲ್ಲೇ ಕೂತು ಬರುತ್ತೇನೆ, ನನ್ನ ಕಣ್ಣಳತೆಯಲ್ಲಿ ಚಿಕಿತ್ಸೆ ನಡೆಯಲಿ ಎಂದೆ. ಕಾರಿನಲ್ಲಿ ಜಾಗವಿಲ್ಲ ಎಂದರು. ಹಾಗಾದರೆ ನಮ್ಮ ಕಾರಿನಲ್ಲಿ ಹೋಗೋಣ ಎಂದೆ. ಅವರ ಮಾತಿನ ಧಾಟಿ ಬದಲಾಯಿತು. ಹೆಣ್ಣುಮಗಳನ್ನು ಬೆಳಗಿನಿಂದ ಕೂಡಿ ಹಾಕಿದ್ದೀರಿ, ಹೆಚ್ಚುಕಮ್ಮಿಯಾದರೆ ಯಾರು ಹೊಣೆ, ಊರವರನ್ನು ಕರೆಸಲೇ ಎಂದರು. ಅವಳಿಗೆ ಹೋಗುವ ಸ್ವಾತಂತ್ರ್ಯವಿದೆ, ನನ್ನನ್ನು ಬಿಟ್ಟು ಹೋದರೆ ಏನಾಗುತ್ತದೆ ಎಂದು ಬೆಳಿಗ್ಗೆಯೇ ಹೇಳಿದ್ದೇನೆ, ಮತ್ತೊಮ್ಮೆ ಹೇಳುತ್ತೇನೆ ಎಂದು ಹೇಳಿದೆ. ಸಹಾಯಕರು ಬಂದು ನನ್ನ ಪಕ್ಕ ನಿಂತರು. ಈ ವಾದ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅವಳು ಕಾರು ಹತ್ತಿದ್ದರೆ ನಾನು ತಡೆಯುತ್ತಿರಲಿಲ್ಲ, ತಡೆಯುವಂತೆಯೂ ಇಲ್ಲ.

ಕೋಚ್ ಅವಳ ಕೈಗೆ ನೀರಿನ ಲೋಟ ಕೊಟ್ಟು, "ಇದನ್ನ ಕುಡಿದು ಕಾರಿನಲ್ಲಿ ಕೂತ್ಕೊಳಮ್ಮ. ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದರು.

ಅವಳು ಲೋಟ ಹಿಡಿದುಕೊಂಡು ಕಾರಿನ ಕಡೆ ನೋಡಿದಳು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಈಗ ಏನೋ ಹೊಳೆಯತೊಡಗಿತ್ತು. ಅವಳು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಬೇಡ ಸರ್. ನಂಗೆ ನೀರು ಸಾಕು."

"ಏನಮ್ಮಾ ಹೇಳ್ತಿದೀಯ? ಗೊತ್ತಾಗ್ತಿದ್ಯಾ?"

"ಗೊತ್ತಾಗ್ತಿದೆ ಸರ್. ನೀವು ಹೋಗಿ."

ಕೋಚ್ ನಿಂತೇ ಇದ್ದರು. ತಾಯಿಯ ಕಡೆ ತಿರುಗಿ, ಬುದ್ಧಿ ಹೇಳಿ ಎಂದರು. ತಾಯಿ ಕಿಟಕಿಯ ಕಟ್ಟೆಯ ಮೇಲಿನ ಲೋಟ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಕೋಚ್ ಟೋಪಿ ತೆಗೆದು, ಬೆವರು ಒರೆಸಿಕೊಂಡು ಹೊರಟುಹೋದರು. ಅಷ್ಟು ವರ್ಷ ಜೊತೆಗಿದ್ದವರು ಹಾಗೆ ಹೋದದ್ದನ್ನು ನೋಡಲು ನನಗೇ ಕಷ್ಟವಾಯಿತು.

ಅದಾದ ಮೇಲೆ ಅವಳು ಒಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ. ಸೆಕೆಗೆ ತುಟಿ ಒಣಗಿದರೂ ಹಾಗೇ ಕೂತಿದ್ದಳು. ಚಾಪೆಯ ಮೇಲೆ ನಾವಿಬ್ಬರೇ ಇದ್ದಾಗ ತಾನಾಗಿಯೇ ಮಾತು ತೆಗೆದಳು. ನಾನು ತಡೆದು, ನೀನು ಹೇಳುವುದನ್ನು ನಾನು ವರದಿಯಲ್ಲಿ ಬರೆಯಲೇಬೇಕಾಗುತ್ತದೆ, ಯೋಚಿಸಿ ಹೇಳು ಎಂದೆ. "ಬರ್ಕೊಳ್ಳಿ ಮೇಡಂ" ಎಂದಳು.

ಕಳೆದ ವರ್ಷ ಅವಳ ಮೊಣಕಾಲಿಗೆ ಪೆಟ್ಟಾಗಿ ಓಟ ಬಿದ್ದುಹೋಗಿತ್ತು. ಎದುರಾಳಿಗಳೆಲ್ಲ ಮುಂದೆ ಹೋಗಿದ್ದರು. ರಕ್ತ ಹೆಚ್ಚಿಸುವ ಔಷಧ, ಕಿಡ್ನಿ ರೋಗಿಗಳಿಗೇ ಕೊಡುತ್ತಾರೆ, ಏನೂ ಆಗುವುದಿಲ್ಲ ಎಂದು ಕೋಚ್ ಇಂಜೆಕ್ಷನ್ ತಂದರು. ಆ ಔಷಧವನ್ನು ನಮ್ಮ ವಾರ್ಡಿನಲ್ಲಿ ಡಯಾಲಿಸಿಸ್ ರೋಗಿಗಳಿಗೆ ನಾನೇ ಕೊಡುತ್ತೇನೆ. ಫ್ರಿಜ್ಜಿನಲ್ಲಿಡಬೇಕಾದದ್ದು, ಈ ಮನೆಯಲ್ಲಿ ಅದು ಮೊಸರಿನ ಪಾತ್ರೆಯ ಹಿಂದೆ ಇರುತ್ತಿತ್ತಂತೆ, ಅಮ್ಮನಿಗೆ ಮೊಣಕಾಲಿನ ಔಷಧ ಎಂದು ಹೇಳಿದ್ದಳಂತೆ. ಅದು ಏನೆಂದು ಅವಳಿಗೆ ಗೊತ್ತಿತ್ತು. ತನಗೆ ಗೊತ್ತಿರಲಿಲ್ಲ ಎಂದು ಅವಳು ಒಂದು ಸಲವೂ ಹೇಳಲಿಲ್ಲ. ಸ್ಪರ್ಧೆಗೆ ಕೆಲವು ದಿನ ಮುಂಚೆಯೇ ನಿಲ್ಲಿಸುತ್ತಿದ್ದರಿಂದ ಪದಕ ಗೆದ್ದ ದಿನ ಕೊಟ್ಟ ಮಾದರಿಗಳಲ್ಲಿ ಅದು ಸಿಕ್ಕಿರಲಿಲ್ಲ. ಮುಂಚೆ ಕೊನೆಯ ಸುತ್ತುಗಳಲ್ಲಿ ಕಾಲು ಕಲ್ಲಾಗುತ್ತಿತ್ತಂತೆ. ಆಮೇಲೆ ಆ ಕಲ್ಲು ಬರಲೇ ಇಲ್ಲ.

"ಗೆದ್ದಾಗ ಖುಷಿ ಆಗ್ಬೇಕಲ್ವಾ ಮೇಡಂ? ಯಾರೋ ಗೆದ್ದವ್ರ ಜೊತೆ ನಿಂತ್ಕೊಂಡು ಫೋಟೋ ತೆಗೆಸ್ಕೊಂಡಂಗೆ ಆಗ್ತಿತ್ತು" ಎಂದಳು. ಆಮೇಲೆ, "ರಾತ್ರಿ ನಿದ್ದೆ ಇಲ್ಲ. ಗೇಟ್ ಸದ್ದಾದ್ರೆ ಎದ್ದು ಕೂತ್ಕೋತಿದ್ದೆ. ಬೆಳಿಗ್ಗೆ ನಿಮ್ಮನ್ನ ಕಿಟಕಿಯಿಂದ ನೋಡ್ದಾಗ, ಸದ್ಯ ಬಂದ್ರಲ್ಲ ಅನ್ನಿಸ್ತು. ಆದ್ರೂ ಆ ನೀರು ಯಾಕೆ ಕುಡಿದೆ ಅಂತ ಗೊತ್ತಿಲ್ಲ."

ಹೀಗೆ ಹೇಳಿದವಳು ಗೋಡೆಗೊರಗಿದಲ್ಲೇ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ. ನಾನು ನಿದ್ದೆ ಹೋಗುವಂತಿರಲಿಲ್ಲ. ಅವಳನ್ನು ನೋಡುತ್ತ ಕೂತಿರುವುದೇ ನನ್ನ ಕೆಲಸ.

ಎದ್ದ ಮೇಲೆ ಕೊಟ್ಟ ಮಾದರಿ ಕಡು ಹಳದಿಯಾಗಿತ್ತು. ಸಾಂದ್ರತೆ ಸರಿಯಾಗಿತ್ತು. ಮುಚ್ಚಳಗಳನ್ನು ಅವಳೇ ಬಿಗಿಯಾಗಿ ತಿರುಗಿಸಿದಳು. ನಾನು ಬಾಟಲಿಗಳನ್ನು ಪೆಟ್ಟಿಗೆಗೆ ಹಾಕಿದೆ. ಹೊರಡುವಾಗ ತಾಯಿ ಗೇಟಿನವರೆಗೂ ಬಂದರು. ಯಾರು ಬಂದರೂ ಮಗಳಿಲ್ಲ ಅನ್ನಿ ಎಂದು ಸರ್ ಹೇಳಿದ್ದರು, ಅದಕ್ಕೇ ಬೆಳಿಗ್ಗೆ ಸುಳ್ಳು ಹೇಳಿದೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದರು. ಕೆಲಸದ ಆದೇಶ ಇನ್ನು ಬರುವುದಿಲ್ಲ ಅಲ್ಲವೇ ಎಂದು ಅವರು ಕೇಳಲಿಲ್ಲ. ಮಗಳಿಗೆ ಅನ್ನ ಹಾಕಬೇಕು ಎಂದು ಒಳಗೆ ಹೋದರು.

ನಮಗೆ ಫಲಿತಾಂಶ ತಿಳಿಸುವುದಿಲ್ಲ. ಎಲ್ಲರಂತೆ ನಾನೂ ಪೇಪರಿನಲ್ಲೇ ಓದಿದೆ. ಒಂದು ಸಣ್ಣ ಸುದ್ದಿ, ಹಳೆಯ ಫೋಟೋ. ಅವಳು ಎರಡನೆಯ ಬಾಟಲಿಯನ್ನು ತೆರೆಸಿ ಮರುಪರೀಕ್ಷೆ ಕೇಳಲಿಲ್ಲ, ತಪ್ಪೊಪ್ಪಿಕೊಂಡಳು. ಒಪ್ಪಿಕೊಂಡಿದ್ದಕ್ಕೆ ನಾಲ್ಕು ವರ್ಷದ ನಿಷೇಧ ಮೂರಕ್ಕಿಳಿಯಿತು. ಕಿಟಕಿಯ ಕಡೆಯ ಪದಕಗಳು ವಾಪಸು ಹೋದವು. ಕೆಲಸ ಕೈತಪ್ಪಿತು. ನನ್ನ ವರದಿಯ ಮೇಲೆ ವಿಚಾರಣೆಯಲ್ಲಿ ನನ್ನನ್ನೂ ವಿಡಿಯೋ ಕರೆಯಲ್ಲಿ ಪ್ರಶ್ನಿಸಿದರು. ಕೋಚ್ ಮೇಲೆ ಪ್ರಕರಣ ನಡೆಯಿತು. ಅವರ ಬಯಲಿನ ತರಬೇತಿ ನಿಂತಿತು. ಅಲ್ಲಿ ಓಡುತ್ತಿದ್ದ ಉಳಿದ ಮಕ್ಕಳು ಎಲ್ಲಿ ಹೋದರೋ. ಅವರ ಬಗ್ಗೆ ಯೋಚಿಸಿದಾಗ ಈಗಲೂ ನನಗೆ ಸರಿಯೆನಿಸುವುದಿಲ್ಲ.

ನಿಷೇಧದಲ್ಲಿರುವವರು ಮತ್ತೆ ಓಡಬೇಕೆಂದಿದ್ದರೆ ಆ ಅವಧಿಯಲ್ಲೂ ಪರೀಕ್ಷೆಗೆ ಸಿಗುತ್ತಿರಬೇಕು. ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮೂರನೆಯ ವರ್ಷ ನನಗೆ ಬಂದ ಒಂದು ಪರೀಕ್ಷೆಯ ಆದೇಶದ ಹಾಳೆಯಲ್ಲಿ ದಾಬಸ್‌ಪೇಟೆಯ ವಿಳಾಸವಿತ್ತು, ಹೆಸರು ಅವಳದು.

ಕೈಗಾರಿಕಾ ಪ್ರದೇಶದ ಹಿಂದಿನ ಸಾಲುಮನೆಗಳಲ್ಲೊಂದು. ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸವಂತೆ, ದಿನವೆಲ್ಲ ನಿಂತೇ ಇರಬೇಕು. ತಾಯಿಯೂ ಸೊಪ್ಪಿನ ಕೆಲಸ ಇಲ್ಲದಾಗ ಬಂದು ಹೋಗುತ್ತಾರೆ ಎಂದಳು. ಮೈ ಸ್ವಲ್ಪ ತುಂಬಿಕೊಂಡಿತ್ತು. ನಾವು ಹೋದಾಗ ಬಾಗಿಲಲ್ಲೇ ಶೂ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, "ಚೆನ್ನಾಗಿದೀರಾ ಮೇಡಂ?" ಎಂದಳು. ಸಹಿ ಮಾಡಿದ ಮೇಲೆ, ಓಟ ಮುಗಿಸಿಕೊಂಡು ಕೊಡಬಹುದೇ ಎಂದು ಕೇಳಿದಳು. ಕೊಡಬಹುದು, ನಾನು ಜೊತೆಗಿದ್ದರೆ ಅಭ್ಯಾಸ ಮುಗಿಸಲು ನಿಯಮದಲ್ಲೇ ಅವಕಾಶವಿದೆ.

"ನಾನು ಓಡೋದನ್ನ ನೀವು ನೋಡೇ ಇಲ್ಲ, ಅಲ್ವಾ?" ಎಂದಳು.

ನಿಜ. ಅವಳ ದೇಹದ ಬಗ್ಗೆ ಅವಳ ತಾಯಿಗೂ ಗೊತ್ತಿರದ್ದು ನನಗೆ ಗೊತ್ತಿತ್ತು. ಅವಳನ್ನೂ ಸೇರಿಸಿ ಎಷ್ಟೋ ಓಟಗಾರ್ತಿಯರ ಮುಂದೆ ನಿಂತಿದ್ದೇನೆ. ಆದರೆ ಒಬ್ಬರಾದರೂ ಓಡುವುದನ್ನು ಸರಿಯಾಗಿ ನೋಡಿದ ನೆನಪಿರಲಿಲ್ಲ. ನನಗೆ ಯಾವಾಗಲೂ ಓಟ ಮುಗಿದ ಮೇಲೆಯೇ ಕೆಲಸ.

ಸಹಾಯಕರು ಕಾರನ್ನು ನಿಧಾನವಾಗಿ ಅವಳ ಹಿಂದೆ ಬಿಟ್ಟರು. ಕಾರ್ಖಾನೆಗಳ ಕಾಂಪೌಂಡಿನ ಪಕ್ಕದ ಉದ್ದ ರಸ್ತೆ, ಎರಡೂ ಕಡೆ ನಿಂತ ಲಾರಿಗಳು. ಕ್ಲೀನರ್‌ಗಳು ಹಲ್ಲುಜ್ಜುತ್ತ ನಿಂತಿದ್ದರು. ಅವಳನ್ನು ಯಾರೂ ತಿರುಗಿ ನೋಡಲಿಲ್ಲ, ದಿನವೂ ಓಡುತ್ತಾಳೆಂದು ಕಾಣುತ್ತದೆ. ಮೊದಲು ಅವಳ ಓಟದಲ್ಲಿ ವಿಶೇಷವೇನೂ ಕಾಣಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತಲೆ ಅಲುಗದಿರುವುದು, ಪಾದ ನೆಲ ಮುಟ್ಟಿದ ಸದ್ದೇ ಇಲ್ಲದಿರುವುದು ಕಂಡಿತು. ರಸ್ತೆ ಏರಾದಾಗ ಉಸಿರು ದೊಡ್ಡದಾಯಿತು, ಕಿಟಕಿಯಿಂದ ನನಗೆ ಕೇಳಿಸುತ್ತಿತ್ತು. ಕೊನೆಕೊನೆಗೆ ಭುಜ ಬಿಗಿಯಿತು, ಹೆಜ್ಜೆ ಭಾರವಾಯಿತು. ಕಾಲು ಕಲ್ಲಾಗುವುದು ಎಂದು ಅವಳು ಹೇಳಿದ್ದು ಇದನ್ನೇ ಇರಬೇಕು. ಅವಳು ವೇಗ ಇಳಿಸಲಿಲ್ಲ, ಏರಿಸಲೂ ಆಗಲಿಲ್ಲ. ಹಲ್ಲು ಕಚ್ಚಿಕೊಂಡು, ವಿಕಾರವಾದ ಮುಖದಲ್ಲಿ, ಗೋದಾಮಿನ ಗೇಟಿನವರೆಗೂ ಓಡಿದಳು.

ಗೇಟಿನ ಕಂಬ ಹಿಡಿದು ಬಗ್ಗಿ ನಿಂತಳು. ನಾನು ಇಳಿದು ಹತ್ತಿರ ಹೋದೆ. ಅವಳು ಕೈಗಡಿಯಾರ ನೋಡಿ, ಅದನ್ನು ನನ್ನ ಕಡೆಗೂ ತಿರುಗಿಸಿದಳು. ಆ ಅಂಕಿ ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ, "ಇಷ್ಟೇ ಮೇಡಂ ನಾನು" ಎಂದಳು.